ಅಂತರಗಂಗೆಯ ನೀರು ಕಾಶಿಯಿಂದ ಬರುತ್ತದೆಯೇ?

ಮಕ್ಕಳೇ, ಕೆ.ಜಿ.ಎಫ್.ನಿಂದ ಬಂಗಾರಪೇಟೆ ಮಾರ್ಗವಾಗಿ ಕೋಲಾರಕ್ಕೆ ಹೋಗಿದ್ದೀರಾ? ಊರು ಹತ್ತಿರವಾದಂತೆ ಅದರ ಹಿಂದೆ ಗೋಡೆಯಂತೆ ನಿಂತ ಬೆಟ್ಟಸಾಲು ಕಾಣುತ್ತದೆ. ಅದು ಶತಶೃಂಗ ಪರ್ವತ. ಮೆಟ್ಟಿಲು ಹತ್ತಿ ಹೋದರೆ ಕಾಶಿ ವಿಶ್ವೇಶ್ವರನ ಗುಡಿ ಸಿಗುತ್ತದೆ. ಅಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಕೊಳಕ್ಕೆ ಬೀಳುತ್ತಿರುತ್ತದೆ. ಅದೇ ಅಂತರಗಂಗೆ. (ತಿಂಡಿಯ ಡಬ್ಬಿಯನ್ನು ಚೀಲದೊಳಗೇ ಇಡಿ. ಅಲ್ಲಿನ ಕೋತಿಗಳು ಬಹಳ ಚುರುಕು!)

ಒಮ್ಮೆ ಏಳನೇ ತರಗತಿಯ ಮಕ್ಕಳೊಡನೆ ಅಲ್ಲಿಗೆ ಹೋಗಿದ್ದೆ. ಕ್ಯಾನಿಗೆ ನೀರು ತುಂಬಿಸುತ್ತಿದ್ದ ಅಜ್ಜಿಯೊಬ್ಬರು, "ಇದು ಕಾಶಿ ಗಂಗೆ ಕಣಮ್ಮ, ನೆಲದೊಳಗೇ ಹರ್ಕೊಂಡು ಬರ್ತಾಳೆ" ಎಂದರು. ಒಬ್ಬ ಹುಡುಗಿ ನನ್ನ ಕಿವಿಯಲ್ಲಿ ಮೆಲ್ಲಗೆ ಕೇಳಿದಳು: "ಮಿಸ್, ನಿಜವಾ?"

ಅಜ್ಜಿಯೊಡನೆ ನಾನು ವಾದಕ್ಕೆ ಇಳಿಯಲಿಲ್ಲ. ಎಲ್ಲರೂ ಒಂದು ಬಂಡೆಯ ಮೇಲೆ ಕುಳಿತು ಯೋಚಿಸಿದೆವು.

ನೀರು ತಾನಾಗಿಯೇ ಯಾವ ಕಡೆಗೆ ಹರಿಯುತ್ತದೆ? ಎತ್ತರದಿಂದ ತಗ್ಗಿಗೆ. ಕಾಶಿ ಸಮುದ್ರಮಟ್ಟದಿಂದ ಸುಮಾರು 80 ಮೀಟರ್ ಎತ್ತರದಲ್ಲಿದೆ. ಕೋಲಾರ ಪಟ್ಟಣವೇ 800 ಮೀಟರ್‌ಗೂ ಎತ್ತರದಲ್ಲಿದೆ, ಬೆಟ್ಟ ಇನ್ನೂ ಮೇಲೆ. 1,400 ಕಿ.ಮೀ. ದೂರದ ತಗ್ಗಿನಿಂದ ನೀರು ಇಲ್ಲಿಗೆ ಹತ್ತಿ ಬರಬೇಕಾದರೆ ಅದನ್ನು ಪಂಪು ಮಾಡುವವರು ಯಾರು?

ಎರಡನೆಯ ಸುಳಿವು ಕೆ.ಜಿ.ಎಫ್. ಮಕ್ಕಳಿಗೆ ಮನೆಯಲ್ಲೇ ಸಿಗುತ್ತದೆ. 2001ರಲ್ಲಿ ಮುಚ್ಚಿದ ಚಿನ್ನದ ಗಣಿ 3 ಕಿ.ಮೀ.ಗೂ ಆಳವಿತ್ತು. ಅಲ್ಲಿ ದುಡಿದ ತಾತಂದಿರನ್ನು 'ರಾಕ್ ಬರ್ಸ್ಟ್' ಎಂದರೇನು ಎಂದು ಕೇಳಿ. ಮೇಲಿನ ಕಲ್ಲಿನ ಭಾರಕ್ಕೆ ಸುರಂಗದ ಗೋಡೆಯೇ ಸಿಡಿದುಬಿಡುತ್ತಿತ್ತು. ಆಳಕ್ಕೆ ಹೋದಷ್ಟೂ ಈ ಒತ್ತಡದಿಂದ ಬಂಡೆಯ ಬಿರುಕುಗಳು ಕಿರಿದಾಗುತ್ತವೆ. ಕಾಶಿಯವರೆಗೆ ತೆರೆದ ದಾರಿ ಉಳಿಯುವುದು ಹೇಗೆ?

ಹಾಗಾದರೆ ಈ ನೀರು ಎಲ್ಲಿಯದು? ಬಸವನ ಬಾಯಿ ಬಿಟ್ಟು ತಲೆ ಎತ್ತಿ ಬೆಟ್ಟವನ್ನು ನೋಡಿ ಎಂದೆ. ಮೇಲೆಲ್ಲ ಸುಮಾರು 250 ಕೋಟಿ ವರ್ಷ ಹಳೆಯ ಬಂಡೆಗಳು, ಅವುಗಳ ನಡುವೆ ಸೀಳು, ಸಂದು, ಮಣ್ಣು, ಹುಲ್ಲು. ಮಳೆನೀರು ಈ ಸಂದುಗಳಲ್ಲಿ ಇಳಿಯುತ್ತದೆ. ಕೆಳಗೆ ಗಟ್ಟಿ ಬಂಡೆ ತಡೆದಾಗ ಪಕ್ಕಕ್ಕೆ ಸರಿದು, ಬೆಟ್ಟದ ಮಗ್ಗುಲಲ್ಲಿ ಒಸರಿ ಹೊರಬರುತ್ತದೆ.

ಅಷ್ಟು ನೀರು ಸಾಲುತ್ತದೆಯೇ? ಲೆಕ್ಕ ಹಾಕೋಣ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಎಂದರೆ 1 ಲೀಟರು. ಒಂದು ಹೆಕ್ಟೇರಿಗೆ 70 ಲಕ್ಷ ಲೀಟರು! ಅದರಲ್ಲಿ ಹತ್ತನೆಯ ಒಂದು ಭಾಗ ಇಂಗಿತು ಎಂದಿಟ್ಟುಕೊಂಡರೂ ದಿನಕ್ಕೆ 1,900 ಲೀಟರಿಗೂ ಹೆಚ್ಚು. ಇದು ಒಂದೇ ಒಂದು ಹೆಕ್ಟೇರಿನದು. ಬೆಟ್ಟ ಎಷ್ಟು ದೊಡ್ಡದಿದೆ ನೋಡಿ.

ಮಳೆ ನಿಂತ ಮೇಲೂ ಹರಿಯುವುದೇಕೆ ಗೊತ್ತೇ? ತಳಕ್ಕೆ ತೂತು ಮಾಡಿದ ಎರಡು ಡಬ್ಬಿ ತೆಗೆದುಕೊಳ್ಳಿ. ಒಂದನ್ನು ಖಾಲಿ ಬಿಡಿ, ಇನ್ನೊಂದಕ್ಕೆ ಮರಳು ತುಂಬಿ. ಎರಡಕ್ಕೂ ಒಂದೊಂದು ಲೋಟ ನೀರು ಸುರಿಯಿರಿ. ಯಾವುದು ಹೆಚ್ಚು ಹೊತ್ತು ತೊಟ್ಟಿಕ್ಕುತ್ತದೆ?

ಹಿಮಾಲಯದಲ್ಲಿ ಗಂಗೆಯ ಕವಲಾದ ಭಾಗೀರಥಿ ಹುಟ್ಟುವ ಸ್ಥಳದ ಹೆಸರು ಗೋಮುಖ. ಅದು ಸುಮಾರು 4,000 ಮೀಟರ್ ಎತ್ತರದಲ್ಲಿ, ಗಂಗೋತ್ರಿ ಹಿಮನದಿಯ ತುದಿಯಲ್ಲಿದೆ. ಅಲ್ಲಿ ನೀರಿನ ಕಣಜ ಮಂಜುಗಡ್ಡೆ, ಇಲ್ಲಿ ಬಂಡೆಯ ಬಿರುಕು. ಅಲ್ಲಿನ ಹಿಮನದಿ ಕರಗಿ ಹಿಂದೆ ಸರಿಯುತ್ತಿದೆ. ಇಲ್ಲಿ ಬೇಸಿಗೆಯಲ್ಲಿ ಯಾರೋ ಹಚ್ಚಿದ ಬೆಂಕಿಗೆ ಹುಲ್ಲು ಸುಟ್ಟರೆ ಮುಂದಿನ ಮಳೆ ಇಂಗದೆ ಜಾರಿಹೋಗುತ್ತದೆ, ಮಣ್ಣೂ ಜೊತೆಗೆ ಹೋಗುತ್ತದೆ. ಜಿಲ್ಲೆಯಲ್ಲಿ 1,000 ಅಡಿಗೂ ಆಳದ ಕೊಳವೆಬಾವಿಗಳು ಎಷ್ಟಿವೆ ಎಂಬುದು ನಿಮಗೇ ಗೊತ್ತು.

ಹೆಸರಿಟ್ಟವರು ಜಾಣರು. 'ಅಂತರ' ಎಂದರೆ ಒಳಗೆ. ಗಂಗೆ ಬೆಟ್ಟದ ಒಳಗೇ ಇದ್ದಾಳೆ. ಇದನ್ನು ಹೇಳಿದಾಗ ಅಜ್ಜಿ ನಕ್ಕು, ಮಕ್ಕಳ ಕೈಗೆ ನೀರು ಹಾಕಿದರು.

ನೀವು ಹೋದಾಗ ಒಂದು ಲೀಟರಿನ ಬಾಟಲಿ, ಒಂದು ಗಡಿಯಾರ ಒಯ್ಯಿರಿ. ಬಾಟಲಿ ತುಂಬಲು ಎಷ್ಟು ಸೆಕೆಂಡು ಬೇಕಾಯಿತು ಎಂದು ದಿನಾಂಕದೊಡನೆ ಬರೆದಿಡಿ. ನವೆಂಬರಿನಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಇನ್ನೊಮ್ಮೆ.