ನನ್ನ ಮಾತು ಒಂದು ಅಂಕಿಯಾದದ್ದು ಹೇಗೆ?

ಪ್ರಶ್ನೆ: ಸಮೀಕ್ಷೆಗೆ ಬಂದ ಮೇಷ್ಟ್ರು ‘ಮಗಳು ಶಾಲೆ ಬಿಟ್ಟದ್ದು ಯಾಕೆ?’ ಎಂದು ಕೇಳಿದರು. ನಾನು ಐದು ನಿಮಿಷ ಹೇಳಿಕೊಂಡೆ. ಅವರು ಬರೆದದ್ದು ಒಂದೇ ಅಂಕಿ. ಉಳಿದ ಮಾತೆಲ್ಲ ಎಲ್ಲಿ ಹೋಯಿತು?

ಉತ್ತರ: ಆ ಅಂಕಿಗೆ ಸಂಕೇತ ಅಥವಾ ಕೋಡ್ ಎನ್ನುತ್ತಾರೆ. ಲಕ್ಷಾಂತರ ಮನೆಗಳ ಮಾತನ್ನು ಎಣಿಸಬೇಕಾದರೆ ಒಂದೇ ಅರ್ಥದ ಉತ್ತರಗಳನ್ನು ಒಂದು ಗುಂಪಿಗೆ ಸೇರಿಸಿ, ಗುಂಪಿಗೊಂದು ಅಂಕಿ ಕೊಡಲೇಬೇಕು. ಇಲ್ಲಿ ಅಂಕಿ ಬರೀ ಗುರುತು; 4 ಎಂದರೆ 2ರ ಎರಡರಷ್ಟು ಎಂದೇನೂ ಅರ್ಥವಿಲ್ಲ.

ಗುಂಪು ಮಾಡದೆ ಹೋದರೆ ಏನಾಗುತ್ತದೆ ಎಂಬುದನ್ನು 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿ ತೋರಿಸಿಕೊಟ್ಟಿದೆ. 1931ರ ಜನಗಣತಿಯ ಲೆಕ್ಕದಲ್ಲಿ ಜಾತಿಗಳು 4,147. 2011ರ ಗಣತಿಯಲ್ಲಿ ದಾಖಲಾದವು 46 ಲಕ್ಷಕ್ಕೂ ಹೆಚ್ಚು ಎಂದು ಕೇಂದ್ರ ಸರ್ಕಾರ 2021ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ಮೊದಲೇ ಸಿದ್ಧವಾದ ಪಟ್ಟಿ ಇಲ್ಲದ್ದರಿಂದ ಒಂದೇ ಹೆಸರು ನಾನಾ ಕಾಗುಣಿತಗಳಲ್ಲಿ ದಾಖಲಾಯಿತು. ಕುಲ, ಉಪಜಾತಿಯ ಹೆಸರುಗಳೂ ಅದೇ ಅಂಕಣಕ್ಕೆ ಬಂದು ಸೇರಿದವು.

ಗುಂಪು ಮಾಡುವುದರಲ್ಲೂ ಅಪಾಯವಿದೆ. ಶಾಲೆ ಬಿಡಿಸಿದ್ದಕ್ಕೆ ಒಬ್ಬ ತಾಯಿ ‘ಹೈಸ್ಕೂಲು ಎಂಟು ಕಿಲೋಮೀಟರ್’ ಎನ್ನುತ್ತಾರೆ. ಇನ್ನೊಬ್ಬರು ‘ಬೆಳಗ್ಗೆ ಬಸ್ಸಿದೆ, ಸಂಜೆ ಬರೋಕಿಲ್ಲ’ ಎನ್ನುತ್ತಾರೆ. ಮತ್ತೊಬ್ಬರು ‘ದಾರೀಲಿ ಹುಡುಗರ ಕಾಟ’ ಎನ್ನುತ್ತಾರೆ. ಮೂರನ್ನೂ ‘ದೂರ’ ಎಂಬ ಒಂದೇ ಗುಂಪಿಗೆ ಹಾಕುವುದು ಸಲೀಸು. ಆದರೆ ಮೊದಲನೆಯವರ ಮಗಳಿಗೆ ಬೇಕಾದದ್ದು ಹಾಸ್ಟೆಲು, ಎರಡನೆಯವರ ಮಗಳಿಗೆ ಸಂಜೆಯ ಬಸ್ಸು, ಮೂರನೆಯವರ ಮಗಳಿಗೆ ಭಯವಿಲ್ಲದ ದಾರಿ. ಮೂರಕ್ಕೂ ಒಂದೇ ಅಂಕಿ ಹಾಕಿದರೆ ಆ ಸಂಜೆಯ ಬಸ್ಸು ಯಾವ ಅಧಿಕಾರಿಯ ಕಣ್ಣಿಗೂ ಬೀಳುವುದಿಲ್ಲ.

ಹಾಗಾಗಿ ಒಳ್ಳೆಯ ಸಮೀಕ್ಷೆಯವರು ಮೊದಲು ನೂರಿನ್ನೂರು ಉತ್ತರಗಳನ್ನು ಜನರ ಮಾತಿನಲ್ಲೇ ಬರೆಸಿಕೊಂಡು ಓದುತ್ತಾರೆ, ಆಮೇಲೆ ಪಟ್ಟಿ ಕಟ್ಟುತ್ತಾರೆ. ಯಾವ ಉತ್ತರ ಯಾವ ಅಂಕಿಗೆ ಎಂಬ ನಿಯಮವನ್ನು ಉದಾಹರಣೆ ಸಮೇತ ಬರೆದಿಡುತ್ತಾರೆ. ಒಂದೇ ಕಟ್ಟು ನಮೂನೆಗಳಿಗೆ ಇಬ್ಬರು ಬೇರೆಬೇರೆಯಾಗಿ ಅಂಕಿ ಹಾಕಿ ತಾಳೆ ನೋಡುತ್ತಾರೆ. ತಾಳೆಯಾಗದ ಕಡೆ ನಿಯಮ ತಿದ್ದುತ್ತಾರೆ. ‘ಯಾವ ಸೌಲಭ್ಯ ಬೇಕು?’ ಎಂಬಂಥ ಪ್ರಶ್ನೆಗೆ ‘ಬೇಡ ಎಂದರು’, ‘ಉತ್ತರಿಸಲಿಲ್ಲ’, ‘ಕೇಳಲೇ ಇಲ್ಲ’ ಈ ಮೂರಕ್ಕೂ ಬೇರೆಬೇರೆ ಅಂಕಿ ಇಡುತ್ತಾರೆ. ಅದೇ ಪ್ರಶ್ನೆಗೆ ಪಿಂಚಣಿ, ಅಂಗನವಾಡಿ, ಔಷಧಿ ಮೂರೂ ಬೇಕೆಂದ ಮನೆಗೆ ಮೂರು ಅಂಕಣಗಳಲ್ಲೂ ‘ಹೌದು’ ಬೀಳಬೇಕು. ‘ಇತರೆ’ ಎಂಬ ಗುಂಪು ಉಬ್ಬುತ್ತಾ ಹೋದರೆ ಪಟ್ಟಿಯೇ ಜನರ ಬದುಕಿಗೆ ಹೊಂದಿಲ್ಲವೆಂದು ತಿಳಿಯಬೇಕು.

ಗುಂಪಿನ ಗಡಿಯನ್ನು ಎಲ್ಲಿ ಎಳೆದಿದ್ದಾರೆ ಎಂಬುದನ್ನೂ ಕೇಳಬೇಕು. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ. 75.36. ಅದು ಏಳು ವರ್ಷ ಮತ್ತು ಮೇಲ್ಪಟ್ಟವರಲ್ಲಿ, ಯಾವುದಾದರೂ ಒಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಲೂ ಬರೆಯಲೂ ಬಲ್ಲವರ ಲೆಕ್ಕ. ಸಹಿ ಮಾತ್ರ ಬರುವ ಅಜ್ಜಿ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ.

ಮುಂದಿನ ಸಲ ಗಣತಿದಾರರು ಬಂದಾಗ ‘ಯಾವ ಉತ್ತರಕ್ಕೆ ಗುರುತು ಹಾಕಿದಿರಿ, ಓದಿ ಹೇಳಿ ಮೇಷ್ಟ್ರೇ’ ಎಂದು ಕೇಳಿ. ಅದು ‘ಇತರೆ’ ಆಗಿದ್ದರೆ, ಪಕ್ಕದ ಜಾಗದಲ್ಲಿ ನಿಮ್ಮ ಮಾತನ್ನೇ ಬರೆಸಿ. ಮುಂದಿನ ಪಟ್ಟಿ ಕಟ್ಟುವವರು ಮೊದಲು ಓದಬೇಕಾದದ್ದು ಆ ಒಂದು ಸಾಲನ್ನೇ.