ನೆಲದಡಿಯ ಸಾಲ

ಹಳೇ ಹುಬ್ಬಳ್ಳಿಯಲ್ಲಿ ಮನೆ ಕೊಳ್ಳುವವರು ಸಿಟಿ ಸರ್ವೆ ಉತಾರ ನೋಡುತ್ತಾರೆ, ಋಣಭಾರ ಪತ್ರ ತೆಗೆಸುತ್ತಾರೆ, ಪಾಲಿಕೆಗೆ ಕರ ತುಂಬಿದ ಪಾವತಿ ಕೇಳುತ್ತಾರೆ. ಇಂಡಿ ಪಂಪ್ ಹತ್ತಿರ ನೆಲೆಸಿರುವ ಈ ಅಂಕಣಕಾರರು ಓದುಗರಿಗೆ ಕೊಡುತ್ತ ಬಂದ ಪಟ್ಟಿಯೂ ಇದೇ. ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿ ಹಳೆಯ ಮನೆಯೊಂದನ್ನು ಕೊಳ್ಳಲು ಹೊರಟಾಗ ಅದಕ್ಕೆ ಇನ್ನೊಂದು ಕಾಗದ ಸೇರಿತು. ಎಣ್ಣೆ ಸೋರಿದ ಅಂಗಳದ ಮಣ್ಣು ಸ್ವಚ್ಛವಾಗಿದೆ ಎಂದು ಸರ್ಕಾರ ಕೊಡುವ ಪತ್ರ ಅದು.

ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಡೀಸೆಲ್‌ನಂಥದೇ ಎಣ್ಣೆ ಉರಿಸುವುದು ಅಲ್ಲಿನ ಹಳೆಯ ರೂಢಿ. ಅಂಗಳದಲ್ಲಿ ಹೂಳುತ್ತಿದ್ದ ಉಕ್ಕಿನ ಟ್ಯಾಂಕುಗಳಲ್ಲಿ 550 ಗ್ಯಾಲನ್, ಅಂದರೆ ಸುಮಾರು 2,080 ಲೀಟರ್ ಹಿಡಿಯುವಂಥವು ಸಾಮಾನ್ಯ. ಮುಂದೆ ಎಷ್ಟೋ ಮನೆಗಳಿಗೆ ಗ್ಯಾಸ್ ಬಂತು. ಟ್ಯಾಂಕು ಮಣ್ಣಲ್ಲೇ ತುಕ್ಕು ಹಿಡಿಯುತ್ತ ಉಳಿಯಿತು. 1984ರಲ್ಲಿ ಅಮೆರಿಕದ ಸಂಸತ್ತು ನೆಲದಡಿಯ ಟ್ಯಾಂಕುಗಳಿಗೆ ಕಾನೂನು ಮಾಡಿದಾಗ, ಅದೇ ಜಾಗದಲ್ಲಿ ಉರಿಸುವ ಎಣ್ಣೆಯ ಟ್ಯಾಂಕುಗಳನ್ನು ಹೊರಗಿಟ್ಟಿತು. ಇವುಗಳ ಉಸ್ತುವಾರಿ ರಾಜ್ಯಗಳ ಪಾಲಿಗೆ ಬಂತು.

ನ್ಯೂಜೆರ್ಸಿ ಅದನ್ನು ಬಿಗಿಯಾಗಿಯೇ ನಡೆಸುತ್ತದೆ. ಸೋರಿಕೆ ಕಂಡ ಕೂಡಲೇ ಮಾಲೀಕರು ರಾಜ್ಯದ ಪರಿಸರ ಸಂರಕ್ಷಣಾ ಇಲಾಖೆಗೆ ತಿಳಿಸಬೇಕು. ಪರವಾನಗಿ ಪಡೆದ ತಜ್ಞರು ಮಣ್ಣು ಪರೀಕ್ಷಿಸಿ, ಕೆಟ್ಟದ್ದನ್ನು ತೆಗೆಸಿ ವರದಿ ಕೊಡಬೇಕು. ಇಲಾಖೆ ಅದನ್ನು ಪರಿಶೀಲಿಸಿ ಇನ್ನು ಕೆಲಸ ಬಾಕಿ ಇಲ್ಲವೆಂದು ಪತ್ರ ಕೊಡುತ್ತದೆ. 2009ರ ಕಾಯ್ದೆಯ ನಂತರ ಬೇರೆ ಕಲುಷಿತ ಜಾಗಗಳ ಮುಕ್ತಾಯ ಪತ್ರವನ್ನು ಖಾಸಗಿ ತಜ್ಞರೇ ಕೊಡುತ್ತಾರೆ. ಮನೆಯ ಎಣ್ಣೆ ಟ್ಯಾಂಕಿನ ಪತ್ರ ಮಾತ್ರ ಸಾಮಾನ್ಯವಾಗಿ ಇಲಾಖೆಯಿಂದಲೇ ಬರುತ್ತದೆ.

ಆ ಪತ್ರದ ಮೇಲೆ ಕುಟುಂಬದ ಉಳಿತಾಯವೇ ನಿಂತಿರುತ್ತದೆ. ಸೋರಿದ್ದು ಗೊತ್ತಿದ್ದೂ ಮನೆ ಕೊಂಡವರನ್ನು ಆ ರಾಜ್ಯದ 1976ರ ಸೋರಿಕೆ ಕಾಯ್ದೆ ಖರ್ಚಿಗೆ ಹೊಣೆ ಮಾಡುತ್ತದೆ. ಮನೆಯ ವಿಮೆಯಲ್ಲಿ ಮಾಲಿನ್ಯವನ್ನು ಕೈಬಿಡುವುದೇ ಹೆಚ್ಚು.

"ಪಪ್ಪಾ, ಟ್ಯಾಂಕ್ ತಗಸೂದು ಮಾರಾವ್ರ ಕೆಲಸ. ಕಾಗದ ಕೈಗೆ ಬಂದ ಮ್ಯಾಲೇ ರೊಕ್ಕ," ಎಂದಳು ಮಗಳು. ಕರಾರಿನಲ್ಲಿ ಆ ಷರತ್ತು ಸೇರಿತು. ಇತ್ತ ಅಪ್ಪ, ಮನೆಗೆಂದು ಮಗಳಿಗೆ ಕೊಡಲಿದ್ದ ಠೇವಣಿಯನ್ನು ಮುರಿಸದೆ ಕಾದರು. ವಿದೇಶಕ್ಕೆ ಉಡುಗೊರೆಯಾಗಿ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಮಿತಿ ಒಬ್ಬರಿಗೆ ವರ್ಷಕ್ಕೆ 2,50,000 ಡಾಲರ್. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು ಮೊದಲೇ ಶೇ 20ರಷ್ಟು ತೆರಿಗೆ ಹಿಡಿಯುತ್ತದೆ. ರಿಟರ್ನ್ ಸಲ್ಲಿಸಿದಾಗ ಅದು ಲೆಕ್ಕಕ್ಕೆ ಬರುತ್ತದಾದರೂ ಅಲ್ಲಿಯವರೆಗೆ ದುಡ್ಡು ಸಿಕ್ಕಿಬಿದ್ದಂತೆಯೇ. ಇಲಾಖೆಯ ಪತ್ರ ಬಂದ ಮೇಲೆ ಹಣ ಹೋಯಿತು.

ಹುಬ್ಬಳ್ಳಿಯ ಮನೆಗಳಲ್ಲಿ ಅಂಥ ಟ್ಯಾಂಕುಗಳಿಲ್ಲ. ಆದರೆ ಮನೆಗಳ ನಡುವೆ ಪೆಟ್ರೋಲ್ ಬಂಕು, ಗ್ಯಾರೇಜುಗಳಿವೆ; ಪಕ್ಕದಲ್ಲೇ ಬೋರ್‌ವೆಲ್ಲುಗಳೂ ಇವೆ. ಹೊಸ ಬಂಕು ವಸತಿ ಪ್ರದೇಶದಿಂದ 50 ಮೀಟರ್ ದೂರವಿರಬೇಕು, ಯಾವ ಕಾರಣಕ್ಕೂ 30 ಮೀಟರಿಗಿಂತ ಹತ್ತಿರ ಇರಬಾರದು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿಯಲ್ಲಿ ಹೇಳಿತು. 2025ರ ಜುಲೈನಲ್ಲಿ ಕಲುಷಿತ ಜಾಗಗಳ ನಿರ್ವಹಣೆಗೇ ನಿಯಮಗಳು ಬಂದವು. ಶಂಕಿತ ಜಾಗಗಳ ಪಟ್ಟಿ ಜಿಲ್ಲಾಡಳಿತದ್ದು, ತಪಾಸಣೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದ್ದು, ಖರ್ಚು ಕೆಡಿಸಿದವರದ್ದು.

ಇಷ್ಟಿದ್ದೂ ಹಳೆಯ ಗ್ಯಾರೇಜಿನ ಜಾಗದಲ್ಲಿ ಕಟ್ಟಿದ ಮನೆ ಕೊಳ್ಳುವವರ ಕೈಗೆ ನ್ಯೂಜೆರ್ಸಿಯಂಥ ಪತ್ರ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಉತಾರ ಮಾಲೀಕರ ಹೆಸರು ಹೇಳುತ್ತದೆ, ಮಣ್ಣಿನ ಸ್ಥಿತಿ ಹೇಳುವುದಿಲ್ಲ. ತಪಾಸಣೆ ಮುಗಿದ ಜಾಗದ ವಿವರ ಉತಾರದಲ್ಲೇ ದಾಖಲಾಗಬೇಕು ಎಂಬುದು ಈ ಅಂಕಣಕಾರರ ಒತ್ತಾಯ.

ಅಲ್ಲಿಯವರೆಗೆ ಬಂಕು, ಗ್ಯಾರೇಜಿನ ಮಗ್ಗುಲಲ್ಲಿ ಮನೆ ನೋಡುವವರು ಮುಂಗಡ ಕೊಡುವ ಮೊದಲೇ ಬೋರ್‌ವೆಲ್ ನೀರನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಎಣ್ಣೆಯ ವಾಸನೆ ಬಂದರೆ ರಾಜ್ಯ ಮಂಡಳಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಕರ್ನಾಟಕದ ಪ್ರಕರಣಗಳು ಹೋಗುವುದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ. ಅಲ್ಲಿ ಪರಿಹಾರ ಕೇಳಲು ಐದು ವರ್ಷಗಳ ಗಡುವಿದೆ. ದಿನಾಂಕವಿರುವ ಆ ಸ್ವೀಕೃತಿಯನ್ನು ಮನೆಯ ಪತ್ರಗಳ ಜೊತೆಗೇ ಇಡಬೇಕು.