ಅಪರಾಧದ ಅಂಕಿಅಂಶ ಓದೋದು ಹೇಗೆ?

ಎನ್‌ಸಿಆರ್‌ಬಿ ವರದಿ ಬಂದ ದಿನ ಟಿವಿಯಲ್ಲಿ ಒಂದು ಸಾಲು ಖಂಡಿತ ಓಡುತ್ತೆ: ಯಾವುದೋ ಅಪರಾಧದಲ್ಲಿ ಯಾವುದೋ ರಾಜ್ಯ 'ನಂಬರ್ ಒನ್'. 2023ರ ವರದಿಯಲ್ಲಿ ಸೈಬರ್ ಅಪರಾಧದ ಆ ಪಟ್ಟ ನಮಗೇ ಸಿಕ್ಕಿತು. ಇಡೀ ದೇಶದಲ್ಲಿ 86,420 ಪ್ರಕರಣ, ಅದರಲ್ಲಿ ಕರ್ನಾಟಕದ್ದು 21,889. ಹೆಚ್ಚುಕಮ್ಮಿ ನಾಲ್ಕರಲ್ಲಿ ಒಂದು! ದೇಶದ ಜನಸಂಖ್ಯೆಯಲ್ಲಿ ನಮ್ಮ ಪಾಲು ಸುಮಾರು ಇಪ್ಪತ್ತರಲ್ಲಿ ಒಂದು. ಹಾಗಾದ್ರೆ ಮೋಸಗಾರರೆಲ್ಲ ಕನ್ನಡನಾಡನ್ನೇ ಹುಡುಕಿಕೊಂಡು ಬರ್ತಾರಾ? ಈ ಸಲದ ಪಾಠದಲ್ಲಿ ಈ ಪ್ರಶ್ನೆಯನ್ನೇ ಹಿಡಿದುಕೊಂಡು, ಆ ದಪ್ಪ ವರದಿಯನ್ನು ಓದೋದು ಹೇಗೆ ಅಂತ ನೋಡೋಣ.

ಮೊದಲು ವರದಿ ತಯಾರಾಗುವ ಬಗೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೇಂದ್ರ ಗೃಹ ಸಚಿವಾಲಯದ ಕೆಳಗಿರುವ ಸಂಸ್ಥೆ, ಶುರುವಾದದ್ದು 1986ರಲ್ಲಿ. 'ಕ್ರೈಮ್ ಇನ್ ಇಂಡಿಯಾ' ವರದಿ ಅದಕ್ಕಿಂತ ಹಳೇದು, 1953ರಿಂದ ಇದೆ. ಬ್ಯೂರೋದವರು ಮನೆಮನೆಗೆ ಹೋಗಿ 'ನಿಮ್ಮಲ್ಲಿ ಕಳ್ಳತನ ಆಗಿದೆಯಾ' ಅಂತ ಕೇಳೋದಿಲ್ಲ. ಠಾಣೆಯಲ್ಲಿ ಎಫ್‌ಐಆರ್ ಆಗುತ್ತೆ, ಅದರ ಲೆಕ್ಕ ಜಿಲ್ಲೆಗೆ, ಅಲ್ಲಿಂದ ರಾಜ್ಯಕ್ಕೆ, ಕೊನೆಗೆ ದೆಹಲಿಗೆ ಹೋಗುತ್ತೆ. ಅಂದ್ರೆ ವರದಿಯಲ್ಲಿರೋದು ದಾಖಲಾದ ಪ್ರಕರಣಗಳ ಎಣಿಕೆ. ನಮ್ಮ ಲ್ಯಾಬ್ ಭಾಷೆಯಲ್ಲಿ ಹೇಳೋದಾದ್ರೆ ಅದು ಮೀಟರ್ ರೀಡಿಂಗ್. ಅಳೆಯುವ ವಸ್ತು ಇದ್ದ ಹಾಗೇ ಇದ್ದು, ಮೀಟರಿನ ಸೂಕ್ಷ್ಮತೆ ಮಾತ್ರ ಹೆಚ್ಚಾದ್ರೂ ರೀಡಿಂಗ್ ಏರುತ್ತೆ. ಅಪರಾಧ ಹೆಚ್ಚಾಗೋದು ಬೇರೆ, ದಾಖಲಾತಿ ಹೆಚ್ಚಾಗೋದು ಬೇರೆ ಅಂತ ಬ್ಯೂರೋ ಕೂಡ ತನ್ನ ವರದಿಯಲ್ಲೇ ಎಚ್ಚರಿಸಿದೆ. ಟಿವಿಯವರು ಆ ಪುಟ ತೆರೆದ ಹಾಗೆ ಕಾಣಲ್ಲ.

ದೆಹಲಿಯ ಉದಾಹರಣೆ ತಗೊಳ್ಳಿ. ಅಲ್ಲಿ 2013ರಲ್ಲಿ ಐಪಿಸಿ ಪ್ರಕರಣಗಳು ಸುಮಾರು 80 ಸಾವಿರ. 2014ರಲ್ಲಿ ಒಂದೂವರೆ ಲಕ್ಷ ದಾಟಿತು. ಒಂದೇ ವರ್ಷದಲ್ಲಿ ದೆಹಲಿ ಎರಡು ಪಟ್ಟು ಕೆಟ್ಟುಹೋಯಿತಾ? ಕೊಲೆಗಳ ಸಂಖ್ಯೆಯೇನೂ ಹಾಗೆ ದುಪ್ಪಟ್ಟಾಗಲಿಲ್ಲ. 2013ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಲಲಿತಾ ಕುಮಾರಿ ಪ್ರಕರಣದಲ್ಲಿ, ಸಂಜ್ಞೇಯ ಅಪರಾಧದ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದದ್ದು) ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕು ಎಂದಿತ್ತು. ಮೊದಲು ಲೆಕ್ಕಕ್ಕೇ ಬಾರದಿದ್ದ ಸಣ್ಣಪುಟ್ಟ ಕಳ್ಳತನಗಳೂ ದಾಖಲಾಗತೊಡಗಿದವು. ಎರಡು ಊರುಗಳನ್ನು ಹೋಲಿಸುವಾಗ ಕೊಲೆಯ ಅಂಕಿಯನ್ನೇ ಹೆಚ್ಚು ನಂಬೋದು ಇದಕ್ಕೇ. ಹೆಣ ಮುಚ್ಚಿಡೋದು ಕಷ್ಟ, ಫೋನ್ ಕಳ್ಳತನ ಮುಚ್ಚಿಡೋದು ಬಹಳ ಸುಲಭ.

ಹೇಗೆ ಅಂತೀರಾ? ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವಾಗ ಯಾರೋ ನಿಮ್ಮ ಜೇಬಿನಿಂದ ಫೋನ್ ಎತ್ತಿದರು ಅಂದ್ಕೊಳ್ಳಿ. ಠಾಣೆಗೆ ಹೋಗಿ ದೂರು ಕೊಟ್ಟು ಎಫ್‌ಐಆರ್ ಆದ್ರೆ ಅದು ದೆಹಲಿವರೆಗೂ ಹೋಗುವ ಒಂದು ಅಂಕಿ. 'ಹೊಸ ಸಿಮ್ ಸಿಕ್ಕರೆ ಸಾಕಪ್ಪ' ಅಂತ ಇ-ಲಾಸ್ಟ್‌ನಲ್ಲಿ 'ಕಳೆದುಹೋಗಿದೆ' ಅಂತ ಹಾಕಿ ಸುಮ್ಮನಾದ್ರೆ, ಲೆಕ್ಕದ ಪ್ರಕಾರ ಅಪರಾಧ ನಡೆದೇ ಇಲ್ಲ. ಕಳ್ಳ ಮಾತ್ರ ಅಲ್ಲೇ ಇದ್ದಾನೆ.

ಈಗ ನಮ್ಮ ಸೈಬರ್ ಪ್ರಶ್ನೆಗೆ ಬರೋಣ. ದೇಶದ ಮೊದಲ ಸೈಬರ್ ಠಾಣೆ 2001ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲಿ. ಈಗ ಜಿಲ್ಲೆಗಳಲ್ಲೂ ಸಿಇಎನ್ ಠಾಣೆಗಳಿವೆ. ಇನ್ನೊಂದು ಅಂಕಿ ಪಕ್ಕದಲ್ಲಿಟ್ಟು ನೋಡಿ. 1930ಕ್ಕೆ ಫೋನ್ ಮಾಡ್ತೀವಲ್ಲ, ಆ ರಾಷ್ಟ್ರೀಯ ಸೈಬರ್ ವ್ಯವಸ್ಥೆಗೆ 2023ರಲ್ಲಿ ದೇಶದಾದ್ಯಂತ ಬಂದ ದೂರುಗಳು ಸುಮಾರು 15.9 ಲಕ್ಷ. ಅದೇ ವರ್ಷ ದಾಖಲಾದ ಪ್ರಕರಣ 86,420. ಒಂದೇ ದೂರು ಎರಡು ಸಲ ಬಂದಿರಬಹುದು, ಕೆಲವು ಸುಳ್ಳೂ ಇರಬಹುದು, ಆದರೂ ಹದಿನೆಂಟು ದೂರಿಗೆ ಒಂದು ಪ್ರಕರಣ ಅಂದ್ರೆ ಅಂತರ ದೊಡ್ಡದೇ. ಹಾಗಾಗಿ ಕರ್ನಾಟಕದ 21,889ರಲ್ಲಿ ಒಂದು ಭಾಗ ಇಲ್ಲಿ ಮೀಟರ್ ಚೆನ್ನಾಗಿ ಓಡ್ತಿದೆ ಅನ್ನೋದನ್ನು ಹೇಳುತ್ತೆ. ಹಾಗಂತ ಬೀಗುವುದೂ ಬೇಡ. ದುಡ್ಡೆಲ್ಲ ಫೋನಿನಲ್ಲೇ ಓಡಾಡುವ ಊರಿನಲ್ಲಿ ಮೋಸವೂ ಜಾಸ್ತಿ ಇದ್ದೀತು. ಎರಡರ ಪಾಲು ಎಷ್ಟೆಷ್ಟು ಅಂತ ಈ ಒಂದು ವರದಿಯಿಂದ ಬಿಡಿಸೋಕಾಗಲ್ಲ.

ಕಾನೂನು ಬಳಸುವ ರೀತಿ ಬದಲಾದ್ರೂ ರೀಡಿಂಗ್ ಹಾರುತ್ತೆ. 2020ರಲ್ಲಿ ದೇಶದ ಒಟ್ಟು ಪ್ರಕರಣ 28% ಏರಿತು, ಅದೂ ಜನ ಮನೆಯೊಳಗೇ ಕೂತಿದ್ದ ವರ್ಷ! ಸರ್ಕಾರಿ ಆದೇಶ ಮೀರಿದ್ದಕ್ಕೆ ಹಾಕುವ ಸೆಕ್ಷನ್ 188 ಒಂದರಲ್ಲೇ 29,469 ಇದ್ದದ್ದು 6,12,179 ಆಯಿತು. ಲಾಕ್‌ಡೌನ್‌ನಲ್ಲಿ ಹೊರಗೆ ಬಂದವರ ಮೇಲೆ ಹಾಕಿದ ಕೇಸುಗಳು. ಇನ್ನೊಂದು ನಿಯಮವೂ ಗೊತ್ತಿರಲಿ: ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧ ಇದ್ರೆ ಎಣಿಸೋದು ಅತಿ ಗಂಭೀರವಾದ ಒಂದನ್ನು ಮಾತ್ರ. ಅತ್ಯಾಚಾರ ಮಾಡಿ ಕೊಂದರೆ ಅದು ಕೊಲೆಯ ಪಟ್ಟಿಗೆ ಹೋಗುತ್ತೆ.

ನಮ್ಮನ್ನು ನಿಜಕ್ಕೂ ಕಾಡಿದ್ದು ಮೀಟರ್ ಓಡದೇ ಇರುವ ಜಾಗ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಗೇ ಹೋಗಿ ಹೆಣ್ಣುಮಕ್ಕಳನ್ನು ಒಬ್ಬರೇ ಇರುವಾಗ ಕೇಳ್ತಾರೆ. 2019–21ರ ಸುತ್ತಿನಲ್ಲಿ ಕರ್ನಾಟಕದ 18–49 ವಯಸ್ಸಿನ ವಿವಾಹಿತೆಯರಲ್ಲಿ 44.4% ಮಂದಿ ಎಂದಾದರೂ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಹಿಂದಿನ ಸುತ್ತಿನಲ್ಲಿ ಇದು 20.6% ಇತ್ತು. (ಈ ಜಿಗಿತಕ್ಕೂ ನಮ್ಮ ಮೀಟರ್ ಸೂತ್ರ ಅನ್ವಯಿಸಿ ನೋಡಿ. ಹಿಂಸೆ ಏರಿತೋ, ಹೇಳುವವರು ಹೆಚ್ಚಾದರೋ?) ಅಷ್ಟು ಮನೆಗಳ ಲೆಕ್ಕ ಹಿಡಿದರೆ ಲಕ್ಷಗಟ್ಟಲೆ ಆಗುತ್ತೆ. ಪೊಲೀಸ್ ವರದಿಯಲ್ಲಿ ಗಂಡನ ಮನೆಯವರ ಕ್ರೌರ್ಯದ ಪ್ರಕರಣ ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಕೆಲವೇ ಸಾವಿರ. ಒಂದು ಜೀವಮಾನದ ಲೆಕ್ಕ, ಇನ್ನೊಂದು ಒಂದು ವರ್ಷದ ಲೆಕ್ಕ, ನಿಜ. ಆದರೂ ಈ ಕಂದಕ ಅಷ್ಟರಿಂದ ಮುಚ್ಚಲ್ಲ. ಇಂಗ್ಲೆಂಡಿನಲ್ಲಿ 1982ರಿಂದ, ಅಮೆರಿಕದಲ್ಲಿ 1973ರಿಂದ ಸರ್ಕಾರವೇ ಜನರನ್ನು ನೇರವಾಗಿ ಕೇಳಿ ಅಪರಾಧದ ಲೆಕ್ಕ ಹಾಕುವ ಪ್ರತ್ಯೇಕ ಸಮೀಕ್ಷೆ ಇದೆ. ನಮ್ಮಲ್ಲಿ ಹಾಗೆ ನಿಯಮಿತವಾಗಿ ನಡೆಯುವ ರಾಷ್ಟ್ರೀಯ ಸಮೀಕ್ಷೆ ಇಲ್ಲ. ಅಂಕಿ ಏರಿದ ಠಾಣೆಗೆ ಬೈಗುಳ ಬಿದ್ದರೆ, ಅಂಕಿ ಇಳಿಸೋಕೆ ಅತಿ ಸುಲಭದ ದಾರಿ ಯಾವುದು ಹೇಳಿ? 'ಮನೆ ವಿಷಯ, ಮಾತಾಡಿ ಸರಿಮಾಡ್ಕೊಳಮ್ಮ' ಅಂತ ಬಂದವಳನ್ನು ವಾಪಸ್ ಕಳಿಸೋದು. ಇಂಟರ್ನ್‌ಶಿಪ್‌ಗೆ ಮಗಳನ್ನು ಯಾವ ಊರಿಗೆ ಕಳಿಸಬಹುದು ಅಂತ ರ‍್ಯಾಂಕಿಂಗ್ ನೋಡುವ ಅಪ್ಪ-ಅಮ್ಮನಿಗೆ ಆ ಠಾಣೆಯ ಊರೇ ಸುರಕ್ಷಿತವಾಗಿ ಕಾಣುತ್ತೆ.

ಶಿಕ್ಷೆಯ ಪ್ರಮಾಣ ನೋಡುವಾಗ ಛೇದದಲ್ಲಿ ಏನಿದೆ ಅಂತ ಗಮನಿಸಿ. ಸಾವಿರ ಪ್ರಕರಣ ಕೋರ್ಟಿನಲ್ಲಿದ್ದು, ಆ ವರ್ಷ ನೂರರ ವಿಚಾರಣೆ ಮುಗಿದು, ಮೂವತ್ತರಲ್ಲಿ ಶಿಕ್ಷೆ ಆಯಿತು ಅಂದ್ಕೊಳ್ಳಿ. ವರದಿ 30% ಅನ್ನುತ್ತೆ. ಉಳಿದ ಒಂಬೈನೂರು 'ಬಾಕಿ' ಅನ್ನೋ ಬೇರೆ ಕೋಷ್ಟಕದಲ್ಲಿ ಕೂತಿರುತ್ತವೆ. ಆ ಬಾಕಿಯ ಇನ್ನೊಂದು ಮುಖ ಜೈಲಿನ ಅಂಕಿಅಂಶದಲ್ಲಿದೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ, ಅವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಇಲ್ಲಿ ಮೀಟರಿನ ತಕರಾರು ಕಡಿಮೆ, ಎಣಿಸಿರೋದು ತಲೆಗಳನ್ನೇ. ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿಲ್ಲ.

ಈ ಡೇಟಾವನ್ನು ಪೈಥಾನ್‌ಗೆ ಹಾಕಿ ಮಿನಿ ಪ್ರಾಜೆಕ್ಟ್ ಮಾಡೋರಿಗೆ ಒಂದು ಮಾತು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಆ ವರ್ಷದ ಅರ್ಧ ಹಳೇ ಕಾನೂನು, ಇನ್ನರ್ಧ ಹೊಸದು. ಐಪಿಸಿಯಲ್ಲಿ 304 ಅಂದ್ರೆ ಕೊಲೆಯಲ್ಲದ ನರಹತ್ಯೆಗೆ ಶಿಕ್ಷೆ. ಹೊಸ ಸಂಹಿತೆಯಲ್ಲಿ 304 ಅಂದ್ರೆ ಸರಗಳ್ಳತನದಂಥ ಕಿತ್ತುಕೊಂಡು ಓಡುವ ಅಪರಾಧ. ಸೆಕ್ಷನ್ ನಂಬರ್ ಹಿಡಿದು ಕಾಲಂ ಜೋಡಿಸಿದ್ರೆ ನಿಮ್ಮ ಗ್ರಾಫಿನಲ್ಲಿ ಸರ ಕಿತ್ತವರೆಲ್ಲ ನರಹಂತಕರಾಗಿಬಿಡ್ತಾರೆ.